ಲಜಾರಿನೊ ಹೆಸರಿಗೆ ದುಡ್ಡು ಕೊಡಬೇಡಿ

ಹಳೇ ಕೋವಿ ಕೊಳ್ಳುವುದು ಹೂಡಿಕೆಯಲ್ಲ, ಶೋಕಿ. ನನ್ನಾಕೆ ಇದಕ್ಕೆ ಒಪ್ಪಿದ್ದು ಒಂದೇ ಷರತ್ತಿಗೆ: ಎಫ್‌ಡಿ ಮುರಿಯಬಾರದು. ವಿಯೆನ್ನಾದಲ್ಲಿ ನೌಕರಿಯಲ್ಲಿದ್ದಾಗ ಹತ್ತಿದ ಹುಚ್ಚಿದು. ಮಾಂಟೆನೆಗ್ರೊದ ಕೋಟೊರ್ ಕೊಲ್ಲಿಯ ಕಡೆಯ, ಹಿಡಿಯ ತುಂಬ ಮುತ್ತಿನ ಚಿಪ್ಪು ಕೂರಿಸಿದ ಜೆಫರ್ದಾರ್ ಕೋವಿ ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಹಾಗಾಗಿ ಕಣ್ಣು ಬಿದ್ದದ್ದು ಅಲ್ಬೇನಿಯದ ‘ಇಲಿಬಾಲ’ ಪಿಸ್ತೂಲುಗಳ ಮೇಲೆ. ಮೈತುಂಬ ಹಿತ್ತಾಳೆ ಅಥವಾ ಬೆಳ್ಳಿಯ ಹೊದಿಕೆ, ತುದಿಗೆ ಬರುತ್ತಾ ಸಣ್ಣಗಾಗುವ ಹಿಡಿ.

ಅಂಗಡಿಯವನು ಮೊದಲು ತೋರಿಸಿದ್ದು ನಳಿಗೆಯ ಮೇಲಿದ್ದ ‘ಲಜಾರಿನೊ’ ಎಂಬ ಕೆತ್ತನೆ. ಲಜಾರಿನೊ ಕೊಮಿನಾತ್ಸೊ 17ನೇ ಶತಮಾನದಲ್ಲಿ ಇಟಲಿಯ ಬ್ರೆಷಾ ಸೀಮೆಯಲ್ಲಿ ಹೆಸರಾಗಿದ್ದ ನಳಿಗೆ ಕಮ್ಮಾರ. ಅವನು ಸತ್ತು ಎಷ್ಟೋ ಕಾಲದ ಮೇಲೂ ಬಾಲ್ಕನ್ ಕುಶಲಕರ್ಮಿಗಳು ಆ ಹೆಸರನ್ನು, ಕಾಗುಣಿತ ತಪ್ಪಾಗಿಯೂ, ಕೆತ್ತುತ್ತಲೇ ಇದ್ದರು. ಅದರಿಂದ ಬೆಲೆ ಏರಬೇಕಾದ ಕಾರಣವಿಲ್ಲ.

ಚಕಮಕಿ ಯಂತ್ರದ ಸ್ಕ್ರೂ ಬಿಚ್ಚಿಸಿ ನೋಡುತ್ತೇನೆಂದೆ. ಅವನ ಮುಖ ಗಂಟಿಕ್ಕಿತು. ನಳಿಗೆಯ ಪಕ್ಕದಲ್ಲಿ ಮದ್ದಿಗೆ ಕಿಡಿ ಮುಟ್ಟಿಸುವ ತೂತು ಹೊರಗೆ ಕಾಣುತ್ತಿತ್ತು; ತೆಳು ತಂತಿ ತೂರಿಸಿದರೆ ಒಳಗೆ ಹೋಗಲಿಲ್ಲ. ಗುಂಡು ಹಾರಿಸುವುದಕ್ಕೆ ಮಾಡಿದ್ದೇ ಅಲ್ಲ! ಹಿತ್ತಾಳೆಯ ಸವೆತವೂ ಎಲ್ಲ ಕಡೆ ಒಂದೇ ಸಮ. ಕೈಯಲ್ಲಿ ಓಡಾಡಿದ ಪಿಸ್ತೂಲಾದರೆ ಮುಷ್ಟಿ ಬಿದ್ದ ಕಡೆ ಹೂಬಳ್ಳಿ ಹೆಚ್ಚು ಅಳಿಸಿರುತ್ತದೆ, ಸಂದುಗಳಲ್ಲಿ ಚೂಪಾಗಿ ಉಳಿದಿರುತ್ತದೆ. ಅಂದಹಾಗೆ, ಮದ್ದು ತುರುಕುವ ಕಡ್ಡಿ ಇಲ್ಲವೆಂದು ಚೌಕಾಸಿಗಿಳಿಯಬೇಡಿ. ಅಲ್ಲಿಯವರು ಅದನ್ನು ಬೇರೆಯಾಗಿಯೇ ಇಟ್ಟುಕೊಳ್ಳುತ್ತಿದ್ದುದು ವಾಡಿಕೆ.

ಪಕ್ಕದಲ್ಲೇ ‘ಮಾಂಟೆನೆಗ್ರೊ ಗಾಸರ್’ ರಿವಾಲ್ವರ್ ಇತ್ತು. ಗಾಸರ್ ವಿಯೆನ್ನಾದವನೇ, ಅವನ 1870ರ ಮಾದರಿಯನ್ನು ಬೆಲ್ಜಿಯಂನವರು ಧಾರಾಳವಾಗಿ ನಕಲು ಮಾಡಿದರು. ನಕಲು ಅಂದರೆ ಸುಳ್ಳಲ್ಲ, ಅದೂ ಹಳೆಯದೇ, ಆದರೆ ಬೆಲೆ ಬೇರೆ. ಬೆಲ್ಜಿಯಂನ ಲಿಯೇಜ್ ಪರೀಕ್ಷಾ ಮುದ್ರೆಯ ಅಂಡಾಕಾರದ ಮೇಲೆ ಕಿರೀಟವಿದ್ದರೆ ಆ ಮುದ್ರೆ 1893ಕ್ಕಿಂತ ಹಿಂದಿನದಲ್ಲ. ಇದರಲ್ಲಿ ಕಿರೀಟವಿತ್ತು. ಚೀಟಿಯಲ್ಲಿ ‘1875’ ಎಂದಿತ್ತು.

ಊರಿಗೆ ತರುವುದಾದರೆ ಕಸ್ಟಮ್ಸ್, ಆಯುಧ ಕಾಯ್ದೆ ಎರಡನ್ನೂ ಮೊದಲೇ ವಿಚಾರಿಸಬೇಕು. ವಕೀಲರ ಫೀಸೇ ಪಿಸ್ತೂಲಿನ ಬೆಲೆ ದಾಟೀತು. ಹರಾಜಿನಲ್ಲಾದರೆ ಕೂಗಿದ ಬೆಲೆಯ ಮೇಲೆ ಕಮಿಷನ್ ಬೇರೆ.

ಕೊನೆಗೆ ಇಲಿಬಾಲದ ರಸೀತಿಯಲ್ಲಿ ಕಾಲವನ್ನು ಬರೆದುಕೊಡಿ ಎಂದೆ. ‘ಅಲಂಕಾರದ ವಸ್ತು’ ಎಂದಷ್ಟೇ ಬರೆಯುತ್ತೇನೆಂದ. ಬೆಲೆಯನ್ನು ತಾನಾಗಿಯೇ ಅರ್ಧಕ್ಕಿಳಿಸಿದ. ಆ ಬೆಲೆಗೂ ನಾನು ಕೊಳ್ಳಲಿಲ್ಲ.