ಕಲ್ಲಿನ ಬಿಂದು, ಕ್ಯಾಮೆರಾದ ಬಿಂದು

ಕನ್ನಡ ಲಿಪಿಯಲ್ಲಿ ಅನುಸ್ವಾರವು ಅತ್ಯಂತ ಕಿರಿದಾದ ಚಿಹ್ನೆ. ಆದರೆ ಅರ್ಥವನ್ನು ಬೇರೆಡೆಗೆ ತಿರುಗಿಸುವ ಶಕ್ತಿಯಲ್ಲಿ ಅದು ಯಾವ ಅಕ್ಷರಕ್ಕೂ ಕಡಿಮೆಯದಲ್ಲ. ಒಂದು ಸೊನ್ನೆ ಸೇರಿದೊಡನೆ 'ದಡ'ವು 'ದಂಡ'ವಾಗುತ್ತದೆ, 'ಕಡ'ವು 'ಕಂಡ'ವಾಗುತ್ತದೆ. ಹಳೆಯ ಶಾಸನಗಳಲ್ಲಿ ಈ ಸೊನ್ನೆಯು ಅಕ್ಷರದ ಮೇಲ್ಭಾಗದಲ್ಲಿ ಬರಿಯ ಚುಕ್ಕೆಯಂತೆಯೋ ಪುಟ್ಟ ವೃತ್ತದಂತೆಯೋ ಕಾಣುವುದುಂಟು. ಶಾಸನವನ್ನು ಓದುವವನಿಗೆ ಚುಕ್ಕೆ ಉಪೇಕ್ಷಣೀಯವಲ್ಲವೆಂಬುದು ಇದರಿಂದ ಸ್ಪಷ್ಟ.

ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೆಯ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಕದಂಬ ಶಾಂತಿವರ್ಮನ ಕಾಲದ, ಕುಬ್ಜಕವಿಯು ರಚಿಸಿದ ತಾಳಗುಂದದ ಸ್ತಂಭಶಾಸನವೂ ಅವುಗಳಲ್ಲಿ ಸೇರಿದೆ. ಒದ್ದೆಯಾದ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಮೇಲೆ ಮಸಿ ಸವರಿ ತೆಗೆಯುವ ಪಡಿಯಚ್ಚೇ ಬಹುಕಾಲ ವಿದ್ವಾಂಸರ ಆಧಾರವಾಗಿತ್ತು. ಈಗ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಡಿಜಿಟಲ್ ಕ್ಯಾಮೆರಾ ಹಿಡಿದು ಗ್ರಾಮಗ್ರಾಮದ ಕಲ್ಲುಗಳ ಚಿತ್ರ ತೆಗೆಯುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಪಡಿಯಚ್ಚಿನಲ್ಲಿ ಕಾಣದಿದ್ದ ಒಂದು ಹೊಸ ದೋಷ ಇಲ್ಲಿ ನುಸುಳಿದೆ. ಅದನ್ನು 'ಹಾಟ್ ಪಿಕ್ಸೆಲ್' ಎನ್ನುತ್ತಾರೆ. 'ಉರಿಬಿಂದು'ವೆಂದರೆ ನಮ್ಮ ಕಿವಿಗೆ ಹಿತವಾದೀತು.

ಕ್ಯಾಮೆರಾದೊಳಗಿನ ಸೆನ್ಸರ್ ಎಂಬುದು ಸಿಲಿಕಾನಿನ ಒಂದು ತೆಳುಹಲಗೆ. ಅದರಲ್ಲಿ ಕೋಟ್ಯಂತರ ಸೂಕ್ಷ್ಮ ಕೋಶಗಳಿವೆ. ಬೆಳಕು ಬಿದ್ದಾಗ ಪ್ರತಿ ಕೋಶದಲ್ಲಿಯೂ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಸಂಗ್ರಹವಾಗುತ್ತವೆ. ಹೆಚ್ಚು ಸಂಗ್ರಹವಾದಲ್ಲಿ ಚಿತ್ರದ ಆ ಬಿಂದು ಹೆಚ್ಚು ಬೆಳಗುತ್ತದೆ. ಆದರೆ ಎಲೆಕ್ಟ್ರಾನುಗಳನ್ನು ಬಿಡಿಸುವುದು ಬೆಳಕೊಂದೇ ಅಲ್ಲ, ಶಾಖವೂ ಬಿಡಿಸುತ್ತದೆ. ಕಗ್ಗತ್ತಲೆಯಲ್ಲಿಯೂ ಕೋಶಗಳು ಮೆಲ್ಲಗೆ ತುಂಬುತ್ತಲೇ ಇರುತ್ತವೆ. ಸ್ಫಟಿಕದ ರಚನೆಯಲ್ಲಿ ಎಲ್ಲಿ ನ್ಯೂನತೆಯಿದೆಯೋ ಅಲ್ಲಿಯ ಕೋಶವು ನೆರೆಹೊರೆಗಿಂತ ಅತಿವೇಗವಾಗಿ ತುಂಬಿ, ಇಲ್ಲದ ಬೆಳಕನ್ನು ಇದೆಯೆಂದು ಹೇಳುತ್ತದೆ. ಇದೇ ಉರಿಬಿಂದು. ಕೆಲವು ನ್ಯೂನತೆಗಳು ತಯಾರಿಕೆಯಲ್ಲಿಯೇ ಬಂದವು. ಕೆಲವು ಅಂತರಿಕ್ಷದಿಂದ ಬರುವ ವಿಶ್ವಕಿರಣಗಳ ಹೊಡೆತದಿಂದ ಕಾಲಕ್ರಮದಲ್ಲಿ ಉಂಟಾಗುವವು. ಆದುದರಿಂದ ಹೊಸ ಕ್ಯಾಮೆರಾದಲ್ಲಿ ಕಾಣದ್ದು ನಾಲ್ಕು ವರ್ಷಗಳ ಬಳಿಕ ಕಂಡರೆ ಮಾರಿದವನನ್ನು ದೂಷಿಸಿ ಫಲವಿಲ್ಲ.

ತಾಪಮಾನವು ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಈ ಕತ್ತಲೆಯ ಸೋರಿಕೆ ಇಮ್ಮಡಿಯಾಗುತ್ತದೆ. ಷಟರ್ ತೆರೆದಿರುವ ಅವಧಿ ಹೆಚ್ಚಿದಷ್ಟೂ ಅದು ಬೆಳೆಯುತ್ತದೆ. ಶಾಸನದ ಚಿತ್ರಣಕ್ಕೆ ಇವೆರಡೂ ಒಟ್ಟಿಗೆ ಒದಗುವುದೇ ತೊಡಕು. ಸವೆದ ಅಕ್ಷರಗಳು ಎದ್ದು ಕಾಣಬೇಕಾದರೆ ರಾತ್ರಿಯಲ್ಲಿ, ಪಕ್ಕದಿಂದ ಓರೆಯಾಗಿ ಟಾರ್ಚಿನ ಬೆಳಕು ಹಾಯಿಸಿ, ಷಟರನ್ನು ಹಲವು ಸೆಕೆಂಡುಗಳ ಕಾಲ ತೆರೆದಿಡಬೇಕು. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದಂತಹ ಹೊಯ್ಸಳ ಗುಡಿಯ ಮಬ್ಬು ಒಳಾಂಗಣದಲ್ಲಿ ಹಗಲಲ್ಲಿಯೂ ಅದೇ ಪಾಡು. (ಆ ಊರಿನ ಹಳೆಯ ಹೆಸರು ಬೆಂಕಿಪುರ; 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಳ್ಳುವ ಮುನ್ನವೇ ಆ ಹೆಸರಿತ್ತು. ಚೈತ್ರ ವೈಶಾಖಗಳಲ್ಲಿ ಕ್ಯಾಮೆರಾ ಹೊತ್ತು ಅಲ್ಲಿ ತಿರುಗಿದವರು ಹೆಸರಿನ ಔಚಿತ್ಯವನ್ನು ಪ್ರಶ್ನಿಸಲಾರರು.) ಲಡಾಖಿನ ಹಾನ್ಲೆಯಲ್ಲಿರುವ, ನಮ್ಮ ಹೊಸಕೋಟೆಯಿಂದ ನಡೆಸಲ್ಪಡುವ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ ಕ್ಯಾಮೆರಾವನ್ನು ದ್ರವ ಸಾರಜನಕದಿಂದ ತಂಪಾಗಿಸುತ್ತಾರೆ. ನಮಗೆ ಆ ಭಾಗ್ಯವಿಲ್ಲ. ಕ್ಯಾಮೆರಾವನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಡದಿರುವುದು, ಎರಡು ಚಿತ್ರಗಳ ನಡುವೆ ಅದಕ್ಕೆ ವಿಶ್ರಾಂತಿ ಕೊಡುವುದು, ಇಷ್ಟು ಸಾಧ್ಯ.

ಇನ್ನು ಪರಿಹಾರ. ಚಿತ್ರ ತೆಗೆದೊಡನೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಅವಧಿ, ಅದೇ ಐಎಸ್‌ಒ, ಅದೇ ತಾಪದಲ್ಲಿ ಮತ್ತೊಂದು ಚಿತ್ರ ತೆಗೆಯಬೇಕು. ಈ ಕತ್ತಲೆಯ ಚಿತ್ರದಲ್ಲಿ ಕಾಣುವುದೆಲ್ಲವೂ ಯಂತ್ರದ ಸ್ವಂತ ಮಾತು. ಮೊದಲಿನದರಿಂದ ಇದನ್ನು ಕಳೆದರೆ ಕಲ್ಲಿನ ಮಾತು ಉಳಿಯುತ್ತದೆ. ಅನೇಕ ಕ್ಯಾಮೆರಾಗಳು ಈ ಕಳೆಯುವಿಕೆಯನ್ನು ತಾವೇ ಮಾಡುತ್ತವೆ. 30 ಸೆಕೆಂಡಿನ ಚಿತ್ರದ ನಂತರ ಇನ್ನೂ 30 ಸೆಕೆಂಡು ಸುಮ್ಮನಿರುವುದು ಅದಕ್ಕಾಗಿಯೇ. ಕೆಟ್ಟುಹೋಯಿತೆಂದು ಹೆದರಿ ಆರಿಸಿಬಿಡಬಾರದು.

ನೆರೆಯ ಕೋಶಗಳನ್ನು ನೋಡಿ ಒಂಟಿ ಚುಕ್ಕೆಗಳನ್ನು ಅಳಿಸಿಹಾಕುವ ಸಾಧನಗಳೂ ಗಣಕಯಂತ್ರದಲ್ಲಿವೆ. ಮದುವೆಯ ಚಿತ್ರಕ್ಕೆ ಅವು ಯೋಗ್ಯ; ಶಾಸನಕ್ಕೆ ಅಪಾಯಕಾರಿ. ಅಕ್ಷರವೊಂದು ನೂರು ಪಿಕ್ಸೆಲ್ ಎತ್ತರವಿದ್ದರೆ ಒಂದು ಉರಿಬಿಂದು ಯಾರನ್ನೂ ವಂಚಿಸದು. ಆದರೆ ದೂರದಿಂದ ತೆಗೆದ ಚಿತ್ರದಲ್ಲಿ ಅಕ್ಷರವು ಹತ್ತು ಪಿಕ್ಸೆಲ್ ಮಾತ್ರವಿರುವಾಗ ಅನುಸ್ವಾರಕ್ಕೂ ಉರಿಬಿಂದುವಿಗೂ ಗಾತ್ರದಲ್ಲಿ ಭೇದವಿರುವುದಿಲ್ಲ. ಆಗ ಯಂತ್ರವು ಕಣ್ಣು ಮುಚ್ಚಿ ಅಳಿಸಿದರೆ ಕಂಡರಣೆಗಾರನು ಕೊರೆದ ಸೊನ್ನೆಯೂ ಹೋದೀತು. ಲಿಪಿಕಾರನ ತಪ್ಪೆಂದು ಭಾವಿಸಿ ಕವಿಯ ಪಾಠವನ್ನೇ ತಿದ್ದಿದ ಸಂಪಾದಕನ ಅವಿವೇಕಕ್ಕೆ ಇದು ಸಮಾನ.

ಗ್ರಂಥಸಂಪಾದನೆಯ ಹಾದಿಯೇ ಇಲ್ಲಿಯೂ ಸುರಕ್ಷಿತ: ಒಂದೇ ಪ್ರತಿಯನ್ನು ನಂಬಬಾರದು. ಕ್ಯಾಮೆರಾವನ್ನು ತುಸು ಸರಿಸಿ ಎರಡನೆಯ, ಮೂರನೆಯ ಚಿತ್ರ ತೆಗೆಯಬೇಕು. ಅಕ್ಷರದೊಡನೆ ಸರಿದ ಚುಕ್ಕೆ ಕಲ್ಲಿನದು. ಅಕ್ಷರ ಸರಿದರೂ ಚೌಕಟ್ಟಿನ ಅದೇ ಸ್ಥಾನದಲ್ಲಿ ನಿಂತ ಚುಕ್ಕೆ ಕ್ಯಾಮೆರಾದ್ದು. ಮತ್ತೊಂದು ಲಕ್ಷಣವೂ ಉಂಟು. ಕೊರೆದ ಬಿಂದುವಿಗೆ ಓರೆಬೆಳಕಿನಲ್ಲಿ ಒಂದು ಅಂಚು ಹೊಳೆದು ಇನ್ನೊಂದು ಅಂಚು ಕಪ್ಪಾಗುತ್ತದೆ, ಉರಿಬಿಂದುವಿಗೆ ನೆರಳಿಲ್ಲ. ಅಲ್ಲದೆ ಪ್ರತಿ ಕೋಶದ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಬಣ್ಣದ ಶೋಧಕವಿರುವುದರಿಂದ ಉರಿಬಿಂದುವು ಬೂದುಗಲ್ಲಿನ ನಡುವೆ ಆ ಬಣ್ಣದಲ್ಲಿಯೇ ಮಿನುಗುತ್ತದೆ. ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿದರೆ ಈ ಸುಳಿವು ನಷ್ಟವಾಗುತ್ತದೆ. ಪರೀಕ್ಷೆ ಮುಗಿಯುವವರೆಗೆ ತಿರುಗಿಸಬಾರದು.

ಚಿತ್ರಗಳನ್ನು ಶಾಲೆಗೆ ಕಳುಹಿಸಿಕೊಡುವವರು ತಿದ್ದದ ಮೂಲಪ್ರತಿ, ಸರಿಸಿ ತೆಗೆದ ಪ್ರತಿಗಳು, ಮುಚ್ಚಳ ಹಾಕಿ ತೆಗೆದ ಕತ್ತಲೆಯ ಪ್ರತಿ, ಇವನ್ನೆಲ್ಲ ಒಂದೇ ಕಟ್ಟಿನಲ್ಲಿ ಇಟ್ಟು, ಊರು, ದಿನಾಂಕ, ಷಟರಿನ ಅವಧಿ, ಬೆಳಕು ಬಂದ ದಿಕ್ಕನ್ನು ಬರೆದು ಕೊಡಬೇಕೆಂದು ವಿನಂತಿ.