ಕೋಳಿಗೂಡಿಗೂ ಹುಳುಮನೆಯ ಮಡಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಯೊಳಕ್ಕೆ ಯಾರೂ ಸುಮ್ಮನೆ ನುಗ್ಗುವುದಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕೈಕಾಲು ತೊಳೆಯಬೇಕು. ಹುಳು ಪೊರೆ ಬಿಡುವ ಹೊತ್ತಾದರೆ ನೆಂಟರು ಬಂದರೂ ‘ಹುಳ ಜ್ವರಕ್ಕೆ ಕೂತಿದೆ, ಆಮೇಲೆ ನೋಡೋಣ’ ಅಂತ ಜಗಲಿಯಲ್ಲೇ ಕೂರಿಸಿ ಕಾಫಿ ಕೊಡುತ್ತೇವೆ. ಹಾಲುತೊಂಡೆಯೋ ಸಪ್ಪೆ ರೋಗವೋ ಬಂದು ಬೆಳೆ ಕಳೆದುಕೊಂಡವರ ಮನೆಯ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಮುಟ್ಟುವುದೂ ಇಲ್ಲ. ಅದೇ ಮನೆಯ ಹಿತ್ತಲಲ್ಲಿ ಕೋಳಿಗಳಿರುತ್ತವೆ. ಅವಕ್ಕೆ ಈ ಯಾವ ಕಟ್ಟುಪಾಡೂ ಇಲ್ಲ. ತಿಪ್ಪೆ ಕೆದಕುತ್ತವೆ, ಪಕ್ಕದ ಮನೆಯ ಕಲಗಚ್ಚಿಗೆ ಬಾಯಿ ಹಾಕುತ್ತವೆ, ಕೆರೆ ಏರಿಯವರೆಗೂ ಹೋಗಿಬರುತ್ತವೆ. ಹುಳುವಿನ ದುಡ್ಡು ಬ್ಯಾಂಕಿಗೆ ಹೋಗುತ್ತದೆ, ಕೋಳಿಯ ದುಡ್ಡು ಹೆಂಗಸರ ಸೆರಗಿನ ಗಂಟಿಗೆ. ಎರಡಕ್ಕೂ ಸಿಗುವ ಮರ್ಯಾದೆ ಆ ಲೆಕ್ಕದಲ್ಲೇ ಇರುತ್ತದೆ.

2025ರ ಫೆಬ್ರವರಿಯಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳ ಫಾರಂಗಳಲ್ಲಿ ಹಕ್ಕಿಜ್ವರ ಅಂತ ಟಿವಿಯಲ್ಲಿ ಬಂದಾಗ ನಮ್ಮೂರಿನವರು ಅದನ್ನು ದೂರದ ಸುದ್ದಿಯಾಗಿಯೇ ಕೇಳಿದರು. ತಿಂಗಳ ಕೊನೆಗೆ ನಮ್ಮದೇ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಸತ್ತ ಕೋಳಿಗಳಲ್ಲಿ ರೋಗ ದೃಢಪಟ್ಟಿತು. ಅತ್ತ ಬಳ್ಳಾರಿ ಜಿಲ್ಲೆಯ ಕುರೆಕುಪ್ಪದಿಂದಲೂ ಅದೇ ಸುದ್ದಿ. ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರಿನೊಳಗೆ ಇರುವ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ. ಅಲ್ಲಿಂದಾಚೆ ಹತ್ತು ಕಿಲೋಮೀಟರಿನವರೆಗೆ ನಿಗಾ ವಲಯ. ನಮ್ಮೂರು ಈ ಎರಡನೆಯ ವರ್ತುಲದೊಳಗೆ ಬಿತ್ತು. ಕೋಳಿಗಳು ಉಳಿದವು, ಜೊತೆಗೆ ಅವನ್ನು ಉಳಿಸಿಕೊಳ್ಳುವ ಹೊಣೆಯೂ ನಮ್ಮ ಪಾಲಿಗೆ ಉಳಿಯಿತು. ಆ ಬೇಸಗೆಯಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರೆಕ್ಕೆಗಿಂತ ಕಾಲು

ಈ ರೋಗಕ್ಕೆ ನಮ್ಮ ದೇಶದಲ್ಲಿ ಕೋಳಿಗೆ ಹಾಕಿಸುವ ಲಸಿಕೆಯಿಲ್ಲ, ಬಂದ ಮೇಲೆ ಮದ್ದೂ ಇಲ್ಲ. ಬರದಂತೆ ತಡೆಯುವುದೊಂದೇ ದಾರಿ. ವೈರಸ್ಸು ನೀರುಹಕ್ಕಿಗಳಲ್ಲಿ, ಬಾತುಗಳಲ್ಲಿ ಬದುಕಿರುತ್ತದೆ. ಎಷ್ಟೋ ಸಲ ಅವುಗಳಿಗೆ ಏನೂ ಆಗಿರುವುದಿಲ್ಲ. ಹಿಕ್ಕೆಯಲ್ಲಿ, ಮೂಗು–ಬಾಯಿಯ ಸಿಂಬಳದಲ್ಲಿ ಹೊರಬರುತ್ತದೆ. ತಣ್ಣನೆಯ ನೀರಿನಲ್ಲಿ, ಒದ್ದೆ ಹಿಕ್ಕೆಯಲ್ಲಿ ಬಹಳ ದಿನ ಜೀವ ಹಿಡಿದುಕೊಂಡಿರುತ್ತದೆ. ಬಿಸಿಲು, ಒಣಗುವಿಕೆ, ಸೋಪು, ಬೆಂಕಿ ಇವು ಅದರ ಶತ್ರುಗಳು.

ಬೆಂಗಳೂರಿನ ಸಂಸ್ಕರಿಸಿದ ನೀರು ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಬರತೊಡಗಿದ ಮೇಲೆ ಕಂದವಾರದ ಕೆರೆಯಂಥ ನಮ್ಮ ಕಡೆಯ ಕೆರೆಗಳಲ್ಲಿ ಬೇಸಗೆಯಲ್ಲೂ ನೀರು ನಿಲ್ಲುತ್ತದೆ. ನೀರಿದ್ದಲ್ಲಿಗೆ ಬೆಳ್ಳಕ್ಕಿ, ನೀರುಕಾಗೆ, ನಾಮದ ಕೋಳಿ ಬರುತ್ತವೆ. ರೋಗದ ಸುದ್ದಿ ಬಂದಾಗ ಊರಿನವರ ಮಾತೆಲ್ಲ ಆಕಾಶದ ಮೇಲೇ ಇತ್ತು. ‘ಹಕ್ಕಿ ಹಾರೋದನ್ನ ಯಾರು ತಡೀತಾರೆ?’ ಅನ್ನುವುದು ಕೈಚೆಲ್ಲಿ ಕೂರಲು ಒಳ್ಳೆಯ ನೆಪವೂ ಹೌದು. ಆದರೆ ಒಂದು ಹಿತ್ತಲಿನಿಂದ ಇನ್ನೊಂದಕ್ಕೆ ರೋಗವನ್ನು ದಾಟಿಸುವುದು ಹೆಚ್ಚಾಗಿ ನಾವೇ: ನಮ್ಮ ಚಪ್ಪಲಿ, ಬೈಕಿನ ಗಾಲಿ, ಮೊಟ್ಟೆಯ ಟ್ರೇ, ಎರವಲು ತಂದ ಮಂಕರಿ, ಸಂತೆಯಲ್ಲಿ ಮಾರಾಟವಾಗದೆ ವಾಪಸ್ಸು ತಂದ ಕೋಳಿ. ಊರೂರು ಸುತ್ತಿ ಕೋಳಿ ಕೊಳ್ಳುವ ವ್ಯಾಪಾರಿ ಬೈಕಿನ ಹಿಂದೆ ಪಂಜರ ಕಟ್ಟಿಕೊಂಡು ಪ್ರತಿ ಮನೆಯ ಬಾಗಿಲಿಗೂ ಬರುತ್ತಾನೆ. ನಾವು ಮೊದಲು ಮಾಡಿದ ನಿಯಮ ಅವನ ಬಗ್ಗೆಯೇ: ಬೈಕು ಊರ ಬಾಗಿಲಲ್ಲೇ ನಿಲ್ಲಬೇಕು, ಪಂಜರ ಬೀದಿಗೆ ಬರಕೂಡದು.

ಕೋಳಿ ಗೊಬ್ಬರದ ವಿಷಯವನ್ನು ಯಾರೂ ಯೋಚಿಸಿರಲಿಲ್ಲ. ದ್ರಾಕ್ಷಿ ತೋಟಕ್ಕೆ, ತರಕಾರಿಗೆ ಫಾರಂಗಳಿಂದ ಲೋಡುಗಟ್ಟಲೆ ಗೊಬ್ಬರ ತರಿಸುವುದು ನಮ್ಮಲ್ಲಿ ಮಾಮೂಲು. ಫಾರಂನ ನೆಲದ ಹಿಕ್ಕೆ, ಹೊಟ್ಟು, ಪುಕ್ಕವೇ ಆ ಗೊಬ್ಬರ. ಊರಿನ ಕೋಳಿಗಳು ಆ ರಾಶಿಯ ಮೇಲೆ ಹತ್ತಿ ಹುಳ ಹುಡುಕುತ್ತವೆ. ಪಕ್ಕದ ತೋಟದವರಿಗೆ ‘ಅಣ್ಣಾ, ಈ ಸಲ ಲೋಡು ಬೇಡ’ ಅಂದಾಗ ಮೊದಲು ಮುಖ ಸಿಂಡರಿಸಿದರು. ಅವರ ಮನೆಯಲ್ಲೂ ಕೋಳಿಗಳಿದ್ದವು, ಒಪ್ಪಿದರು.

ಕೂಡಿಹಾಕುವ ಕಷ್ಟ

‘ಕೋಳಿಗಳನ್ನು ಒಳಗೇ ಇಡಿ’ ಅಂತ ಕರಪತ್ರದಲ್ಲಿ ಒಂದು ಸಾಲು ಬರೆಯುವುದು ಸುಲಭ. ‘ಕೋಳೀನ ಕೂಡಾಕಿ ಸಾಕ್ತಾರಾ? ಅದೇನು ಎಮ್ಮೇನಾ?’ ಅಂತ ನಮ್ಮತ್ತೆ ಕೇಳಿದರು. ಅವರ ಕೋಳಿಗಳಲ್ಲಿ ಕೆಲವು ಗೂಡನ್ನೇ ಕಂಡವಲ್ಲ, ರಾತ್ರಿ ಹುಣಸೆ ಮರದ ಕೊಂಬೆಯ ಮೇಲೇ ಕೂರುತ್ತಿದ್ದವು. ಹಗಲಲ್ಲಿ ಅಟ್ಟಿಸಿಕೊಂಡು ಹೋದರೆ ಕೋಳಿಗೂ ಆಯಾಸ, ಮನುಷ್ಯರಿಗೂ ಆಯಾಸ. ಕತ್ತಲಾದ ಮೇಲೆ ಟಾರ್ಚು ಹಿಡಿದು ಹೋದರೆ ಸದ್ದಿಲ್ಲದೆ ಕೈಗೆ ಸಿಗುತ್ತವೆ.

ಜಾಗಕ್ಕೆ ಹಳೆಯ ಕೊಟ್ಟಿಗೆಯ ಒಂದು ಮಗ್ಗುಲು ಬಿಟ್ಟೆವು. ಸುತ್ತ ಕಟ್ಟಲು ದ್ರಾಕ್ಷಿ ಚಪ್ಪರಕ್ಕೆ ಹಾಕುವ ಹಕ್ಕಿ ಬಲೆಯೇ ಸಿಕ್ಕಿತು. ಬಲೆ ಗುಬ್ಬಿ, ಮೈನಾ, ಕಾಗೆಗಳನ್ನು ತಡೆಯುತ್ತದೆ, ಅವುಗಳ ಹಿಕ್ಕೆಯನ್ನು ತಡೆಯುವುದಿಲ್ಲ. ಮೇಲ್ಗಡೆ ಶೀಟು ಬೇಕೇ ಬೇಕು. ಮೇವು, ನೀರು ಎರಡೂ ಆ ಶೀಟಿನ ಕೆಳಗೇ ಇರಬೇಕು. ಅಂಗಳದಲ್ಲಿ ಕಾಳು ಚೆಲ್ಲುವುದನ್ನು ನಿಲ್ಲಿಸಿದ ಮೇಲೆ ಕಾಗೆಗಳು ಬರುವುದೂ ಕಡಿಮೆಯಾಯಿತು. ಕೆರೆಯ ನೀರನ್ನು ಬಿಟ್ಟು ನಲ್ಲಿಯ ನೀರನ್ನು ಮಾತ್ರ ಕೊಟ್ಟೆವು.

ಕೂಡಿಹಾಕಿದ ಮೇಲೆ ಹೊಸ ತಾಪತ್ರಯ ಶುರುವಾಯಿತು. ಸುತ್ತಾಡಿ ಬದುಕಿದ ನಾಟಿ ಕೋಳಿಗಳು ಒಂದನ್ನೊಂದು ಕುಕ್ಕುತ್ತವೆ, ಹುಂಜಗಳು ಜಗಳಕ್ಕೆ ಬೀಳುತ್ತವೆ, ಮೊಟ್ಟೆ ಕಡಿಮೆಯಾಗುತ್ತದೆ. ಹೆಚ್ಚುವರಿ ಹುಂಜಗಳನ್ನು ಬೇರೆ ಗೂಡಿಗೆ ಹಾಕಿದೆವು. ದಂಟು, ಅಗಸೆ ಸೊಪ್ಪನ್ನು ಕಟ್ಟು ಕಟ್ಟಿ ತಲೆಗಿಂತ ತುಸು ಮೇಲೆ ನೇತುಹಾಕಿದರೆ ಅದನ್ನು ಕಿತ್ತು ತಿನ್ನುವುದರಲ್ಲೇ ಹೊತ್ತು ಹೋಗುತ್ತದೆ. ಒಂದು ಹಳೆಯ ಬಾಂಡ್ಲಿಯಲ್ಲಿ ಬೂದಿ, ಮರಳು ಹಾಕಿಟ್ಟರೆ ಅದರಲ್ಲಿ ಹೊರಳಾಡಿ ಮೈಯ ಹೇನು ಕಳೆದುಕೊಳ್ಳುತ್ತವೆ. ಹೊರಗೆ ಸಿಗುತ್ತಿದ್ದ ಹುಳಹುಪ್ಪಟೆಯ ಬದಲಿಗೆ ರಾಗಿ, ನುಚ್ಚಿನ ಜೊತೆ ಕಡಲೆಕಾಯಿ ಹಿಂಡಿ ಕೊಡಬೇಕಾಯಿತು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ರೇಷ್ಮೆ ಹುಳು ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ಸಿಗುತ್ತದೆ. ಅದನ್ನು ಒಣಗಿಸಿ ಸ್ವಲ್ಪ ಸ್ವಲ್ಪ ಬೆರೆಸಿದೆವು. ಕೋಳಿಗಳಿಗೆ ಅದು ಹಬ್ಬದೂಟ.

ಬಾಗಿಲಿನ ಮಡಿ

ಹುಳುಮನೆಯ ಅಭ್ಯಾಸ ಕೈಹಿಡಿದದ್ದು ಇಲ್ಲಿ. ಗೂಡಿನ ಬಾಗಿಲಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟೆವು. ಒಳಗೆ ಅದನ್ನೇ ಹಾಕಬೇಕು, ಅದು ಹೊರಗೆ ಬರಕೂಡದು. ಒಳಗೆ ಹೋಗುವವರು ಮನೆಯಲ್ಲಿ ಒಬ್ಬರೇ, ಅದೂ ಅತ್ತೆ. ಅವರಿಲ್ಲದಾಗ ನಾನು. ಮಕ್ಕಳಿಗೆ ಪ್ರವೇಶವಿಲ್ಲ. ‘ನಿಮ್ಮ ಹುಂಜ ಎಷ್ಟು ದೊಡ್ಡದಾಗಿದೆ ನೋಡೋಣ’ ಅನ್ನುವವರಿಗೂ ಇಲ್ಲ.

ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಟ್ಟರೆ ಕೆಲಸ ಮುಗಿಯಿತು ಅಂತ ಬಹಳ ಮಂದಿ ತಿಳಿದಿದ್ದಾರೆ. ಹಿಕ್ಕೆ ಮೆತ್ತಿದ ಚಪ್ಪಲಿಯನ್ನು ಅದರಲ್ಲಿ ಅದ್ದಿದರೆ ಏನೂ ಪ್ರಯೋಜನವಿಲ್ಲ. ಕೊಳೆ ಬ್ಲೀಚಿಂಗಿನ ಶಕ್ತಿಯನ್ನೇ ತಿಂದುಹಾಕುತ್ತದೆ, ಬಿಸಿಲೂ ತಿನ್ನುತ್ತದೆ. ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಆಮೇಲೆ ಔಷಧದ ನೀರು. ಅದನ್ನು ದಿನವೂ ಬದಲಾಯಿಸಬೇಕು, ನೆರಳಿನಲ್ಲಿಡಬೇಕು. ಹುಳುಮನೆಯಲ್ಲಿ ಹೊಸ ಬೆಳೆಗೆ ಮುಂಚೆ ತಟ್ಟೆ, ಸ್ಟ್ಯಾಂಡು ತೊಳೆದು ಒಣಗಿಸಿ ಆಮೇಲೆ ಬ್ಲೀಚಿಂಗ್–ಸುಣ್ಣದ ದ್ರಾವಣ ಹೊಡೆಯುವುದು ಇದೇ ಕಾರಣಕ್ಕೆ. ಈ ಕ್ರಮ ನಮ್ಮ ಮನೆಯ ಎಲ್ಲರಿಗೂ ಗೊತ್ತಿತ್ತು, ಹೊಸದಾಗಿ ಹೇಳಿಕೊಡುವ ಅಗತ್ಯವಿರಲಿಲ್ಲ. ಕೋಳಿಗೂ ಅದು ಸಲ್ಲುತ್ತದೆ ಅಂತ ಒಪ್ಪಿಸುವುದಷ್ಟೇ ಕೆಲಸವಾಗಿತ್ತು.

ಕೊಕ್ಕರೆ ರೋಗದ ಮರೆಯಲ್ಲಿ

ಬೇಸಗೆ ಬಂದರೆ ಹಳ್ಳಿಗಳಲ್ಲಿ ಕೋಳಿ ಸಾಯುವುದು ಯಾರಿಗೂ ಸುದ್ದಿಯಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ವರ್ಷ ವರ್ಷವೂ ಬಂದು ಗುಂಪುಗುಂಪಾಗಿ ಬಲಿ ತೆಗೆದುಕೊಳ್ಳುತ್ತದೆ. ಕತ್ತು ತಿರುಚುವುದು, ಕಾಲು ಸೋಲುವುದು, ಹಸಿರು ಭೇದಿ ಅದರ ಗುರುತು. ಹಕ್ಕಿಜ್ವರದಲ್ಲಿ ತಲೆ ಊದಬಹುದು, ಜುಟ್ಟು ನೀಲಿಗಟ್ಟಬಹುದು, ಕಾಲಿನ ಮೇಲೆ ರಕ್ತದ ಕಲೆ ಕಾಣಬಹುದು. ಏನೂ ಕಾಣದೆ ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರಲೂಬಹುದು. ಎರಡೂ ಒಂದರಂತೆ ಒಂದು ಕಾಣುವುದರಿಂದ ಕಣ್ಣಳತೆಯಲ್ಲಿ ತೀರ್ಮಾನ ಮಾಡುವಂತಿಲ್ಲ. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಭೋಪಾಲದ ಪ್ರಾಣಿರೋಗ ಸಂಸ್ಥೆಯಿಂದ ಕೊನೆಯ ಮಾತು ಬರಬೇಕು.

ಸಾವು ಮಾಮೂಲಾಗಿರುವ ಹಿತ್ತಲಲ್ಲಿ ಹೊಸ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಪಶು ಆಸ್ಪತ್ರೆಯ ಡಾಕ್ಟರು ರಾಣಿಖೇತ್ ಲಸಿಕೆಗೆ ಅಷ್ಟು ಒತ್ತಾಯ ಮಾಡಿದ್ದೇಕೆ ಅಂತ ಆಗ ಅರ್ಥವಾಯಿತು. ಅದು ಹಕ್ಕಿಜ್ವರವನ್ನು ತಡೆಯುವುದಿಲ್ಲ. ಆದರೆ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ಸೂಜಿ ಹಾಕಿಸಿಟ್ಟರೆ ವರ್ಷ ವರ್ಷದ ಸಾವು ಬಹುಪಾಲು ನಿಲ್ಲುತ್ತದೆ. ಆಮೇಲೆ ಒಟ್ಟಿಗೆ ಎರಡು ಮೂರು ಕೋಳಿ ಸತ್ತರೆ ಅದನ್ನು ಯಾರೂ ಬಿಸಿಲಿನ ಮೇಲೆ ಹಾಕಿ ಸುಮ್ಮನಿರುವುದಿಲ್ಲ.

ಹೊಸತೊಡಕಿನ ಲೆಕ್ಕ

ಆ ವರ್ಷ ಮಾರ್ಚ್ 30ಕ್ಕೆ ಯುಗಾದಿ. ಮಾರನೆಯ ದಿನದ ಹೊಸತೊಡಕಿಗೆ ನಾಟಿ ಕೋಳಿಯೇ ಆಗಬೇಕು; ಅದಕ್ಕೆಂದೇ ಹೆಂಗಸರು ಸಂಕ್ರಾಂತಿಯಿಂದ ಹುಂಜ ಕಾಪಾಡಿಕೊಂಡಿರುತ್ತಾರೆ. ರೋಗದ ಸುದ್ದಿ ಹಬ್ಬುತ್ತಿದ್ದಂತೆ ಎಲ್ಲರಿಗೂ ಒಂದೇ ಯೋಚನೆ: ಬೆಲೆ ಪೂರ್ತಿ ಬೀಳುವ ಮುಂಚೆ ಮಾರಿಬಿಡೋಣ. ಕೆಲವರು ದೂರದ ನೆಂಟರ ಮನೆಗೆ ಸಾಗಿಸುವ ಮಾತಾಡಿದರು. ರೋಗವಿರುವ ಊರಿನಿಂದ ರೋಗವಿಲ್ಲದ ಊರಿಗೆ ದಾರಿ ಆಗುವುದೇ ಹೀಗೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಮಾತು ತೆಗೆದಾಗ ಜೋರು ಜಗಳವೇ ಆಯಿತು. ‘ಕೋಳಿ ಸತ್ತರೆ ನೀನು ದುಡ್ಡು ಕೊಡ್ತೀಯಾ?’ ಅಂತ ಒಬ್ಬರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೊನೆಗೆ ನಿಗಾ ಮುಗಿಯುವವರೆಗೆ ಊರಿನ ಕೋಳಿ ಊರಿನಲ್ಲೇ, ಹೊರಗಿನ ಕೋಳಿ ಹೊರಗೇ ಅಂತ ಒಪ್ಪಂದವಾಯಿತು.

ತಿನ್ನುವ ಬಗ್ಗೆ ಎರಡು ಅತಿಗಳಿದ್ದವು. ಕೆಲವರು ಮೊಟ್ಟೆಯನ್ನೂ ಮುಟ್ಟಲಿಲ್ಲ. ಕೆಲವರು ಮಂಕಾದ ಕೋಳಿಯನ್ನು ಸಾಯುವ ಮುಂಚೆ ಕೊಯ್ದು ಸಾರು ಮಾಡುವ ಹಳೆಯ ಪದ್ಧತಿಯನ್ನೇ ಮುಂದುವರಿಸಲು ನೋಡಿದರು. ಎಪ್ಪತ್ತು ಡಿಗ್ರಿ ಬಿಸಿ ಮಾಂಸದ ಒಳಗಿನವರೆಗೂ ತಲುಪಿದರೆ ವೈರಸ್ಸು ಉಳಿಯುವುದಿಲ್ಲ. ಆರೋಗ್ಯವಾಗಿದ್ದ ಕೋಳಿಯ ಚೆನ್ನಾಗಿ ಬೆಂದ ಸಾರಿಗೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಗೆ ಹೆದರಬೇಕಿಲ್ಲ. ಅಪಾಯವಿರುವುದು ತಟ್ಟೆಗೆ ಬರುವ ಮುಂಚೆ, ಕಾಯಿಲೆ ಕೋಳಿಯನ್ನು ಕೊಯ್ಯುವಾಗ, ಪುಕ್ಕ ತರಿಯುವಾಗ, ಕರುಳು ತೆಗೆಯುವಾಗ. ಆ ಕೆಲಸ ಮಾಡುವವರು ಹೆಂಗಸರು, ಪಕ್ಕದಲ್ಲಿ ಮಕ್ಕಳು. ಅದೇ ಮಾರ್ಚಿನಲ್ಲಿ ಆಂಧ್ರದಲ್ಲಿ ಒಂದು ಮಗು ಈ ಜ್ವರಕ್ಕೆ ಬಲಿಯಾಯಿತು. ಹಸಿ ಕೋಳಿಮಾಂಸ ಬಾಯಿಗೆ ಹೋಗಿತ್ತೆಂದು ವರದಿಯಾಗಿತ್ತು. ಮನುಷ್ಯರಿಗೆ ಇದು ಅಂಟುವುದು ಬಹಳ ಅಪರೂಪ. ಆದರೆ 2003ರಿಂದೀಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಸಿಕ್ಕ ಹಕ್ಕಿಜ್ವರದ (ಎಚ್5ಎನ್1) ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಉಳಿದಿಲ್ಲ.

ಹೇಳಿಬಿಡುವುದು

ಇಷ್ಟೆಲ್ಲ ಮಾಡಿದ ಮೇಲೂ ನನ್ನನ್ನು ಕಾಡಿದ್ದು ಒಂದು ಸಂಗತಿ. ಕೊಲ್ಲುವ ವರ್ತುಲವನ್ನು ಎಳೆಯುವಾಗ ಯಾರ ಗೂಡು ಎಷ್ಟು ಮಡಿಯಾಗಿದೆ ಅಂತ ನೋಡುವುದಿಲ್ಲ. ನಾಲ್ಕು ಮನೆಯಾಚೆ ರೋಗ ಬಂದರೆ ನಮ್ಮ ಗಟ್ಟಿಮುಟ್ಟಾದ ಕೋಳಿಗಳೂ ಹೋಗುತ್ತವೆ. ಆ ಮೇಲೆ ಸುಮಾರು ಮೂರು ತಿಂಗಳ ನಿಗಾ ಮುಗಿಯುವವರೆಗೆ ಹೊಸ ಕೋಳಿ ತರುವಂತಿಲ್ಲ. ಹಾಗಾಗಿ ನನ್ನ ಗೂಡಿನ ಬಲೆಯಷ್ಟೇ ಮುಖ್ಯ ಪಕ್ಕದ ಮನೆಯವರು ಬಾಯಿಬಿಡುವುದು.

ಜನ ಬಾಯಿಬಿಡದಿರುವುದಕ್ಕೆ ಕಾರಣ ಭಯ. ‘ನಾನು ಹೇಳಿದರೆ ಊರಿನ ಕೋಳಿಯನ್ನೆಲ್ಲ ಸಾಯಿಸ್ತಾರೆ, ನನ್ನನ್ನೇ ಬೈತಾರೆ’ ಅನ್ನುವ ಭಯ. ಸಭೆಯಲ್ಲಿ ಈ ಭಯವನ್ನು ಸ್ವಲ್ಪವಾದರೂ ಕರಗಿಸಿದ್ದು ಪರಿಹಾರದ ನಿಯಮ. ಪಶುಪಾಲನಾ ಇಲಾಖೆಯವರು ಕೊಲ್ಲುವ ಕೋಳಿಗೆ, ನಾಶಮಾಡುವ ಮೊಟ್ಟೆ ಮತ್ತು ಮೇವಿಗೆ ಪರಿಹಾರವುಂಟು. ಕೇಂದ್ರ, ರಾಜ್ಯ ಎರಡೂ ಅರ್ಧರ್ಧ ಭರಿಸುತ್ತವೆ. ಅದಕ್ಕೆ ಮುಂಚೆಯೇ ಸತ್ತದ್ದಕ್ಕೆ ಏನೂ ಇಲ್ಲ. ಮುಚ್ಚಿಟ್ಟಷ್ಟೂ ಸತ್ತ ಕೋಳಿಗಳ ಸಂಖ್ಯೆ ಬೆಳೆಯುತ್ತದೆ, ಕೈಗೆ ಬರುವ ದುಡ್ಡು ಕರಗುತ್ತದೆ. ಈ ಲೆಕ್ಕ ಯಾವ ಭಾಷಣಕ್ಕಿಂತಲೂ ಬೇಗ ಎಲ್ಲರಿಗೂ ಅರ್ಥವಾಯಿತು.

ಈಗ ರೋಗದ ಮಾತು ಊರಿನಲ್ಲಿ ಇಳಿದಿದೆ, ಕೋಳಿಗಳು ಮತ್ತೆ ಹಿತ್ತಲಲ್ಲಿ ತಿರುಗುತ್ತವೆ. ನಾವು ಉಳಿಸಿಕೊಂಡದ್ದು ನಾಲ್ಕು ಅಭ್ಯಾಸ: ಮೇವು–ನೀರು ಸೂರಿನ ಕೆಳಗೆ, ಗೂಡಿಗೆ ಬೇರೆ ಚಪ್ಪಲಿ, ಹೊರಗಿನಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿಟ್ಟು ನೋಡಿ ಆಮೇಲೆ ಗುಂಪಿಗೆ ಬಿಡುವುದು, ವೇಳೆಗೆ ಸರಿಯಾಗಿ ರಾಣಿಖೇತ್ ಲಸಿಕೆ. ಒಟ್ಟಿಗೆ ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟುವುದಿಲ್ಲ, ತಿಪ್ಪೆಗೋ ಕೆರೆಗೋ ಎಸೆಯುವುದಿಲ್ಲ, ನಾಯಿ ಬೆಕ್ಕಿಗೆ ಸಿಗದಂತೆ ಮುಚ್ಚಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡುತ್ತೇವೆ. ಹಾಗೆ ಫೋನ್ ಮಾಡಿದವರನ್ನು ಊರಿನಲ್ಲಿ ಯಾರೂ ದೂರಕೂಡದು ಅಂತ ಸಂಘದ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ದೇವೆ. ಬಲೆ, ಸುಣ್ಣ, ಬ್ಲೀಚಿಂಗ್ ಪುಡಿಗಿಂತ ಹೆಚ್ಚು ಚರ್ಚೆ ಬೇಕಾದದ್ದು ಈ ಒಂದು ಸಾಲಿಗೆ.