ಬಂಜರು ನೆಲದ ಬೇಸಾಯ

ಸಂಸ್ಕೃತದ ‘ವ್ಯವಸಾಯ’ವೇ ಕನ್ನಡದಲ್ಲಿ ‘ಬೇಸಾಯ’ವೆಂಬ ತದ್ಭವವಾಗಿ ನೆಲೆಗೊಂಡಿತೆಂಬುದನ್ನು ವ್ಯಾಕರಣ ಓದಿದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಮೂಲಶಬ್ದಕ್ಕೆ ದೃಢವಾದ ನಿಶ್ಚಯ, ಎಡೆಬಿಡದ ಉದ್ಯಮ ಎಂಬ ಅರ್ಥಗಳುಂಟು; ನೇಗಿಲು, ಎತ್ತು, ಬಿತ್ತನೆಗಳ ಸುಳಿವು ಅದರಲ್ಲಿಲ್ಲ. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದಲ್ಲಿ ಮೋಸ್ಸಿ ಜನರಾಡುವ ಮೋರೆ ಭಾಷೆಯಲ್ಲಿಯೂ ಇಂಥದೊಂದು ಶಬ್ದವುಂಟು. ಅದು ‘ಜಾಯಿ’. ನಸುಕಿನಲ್ಲಿಯೇ ಎದ್ದು ಅವಸರದಿಂದ ಹೊಲವನ್ನು ಹದಮಾಡುವುದು ಎಂಬರ್ಥದ ಪದದಿಂದ ಅದು ಬಂದುದೆಂದು ಹೇಳುತ್ತಾರೆ. ರೂಢಿಯಲ್ಲಿ ಅದು ಬೀಜ ಹಾಕುವುದಕ್ಕೆಂದು ಗಟ್ಟಿನೆಲದಲ್ಲಿ ತೋಡುವ ಸಣ್ಣ ಗುಳಿಯ ಹೆಸರು. ಭೂಮಿಯ ಹೆಸರಲ್ಲ, ಬೆಳೆಯ ಹೆಸರಲ್ಲ. ಮನುಷ್ಯನ ಪ್ರಯತ್ನಕ್ಕೇ ಇಟ್ಟ ಹೆಸರು.

1978ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿದ್ದ ಅಧ್ಯಾಪಕ ಬಿಲ್ ಮಾಲಿಸನ್ ಮತ್ತು ತರುಣ ವಿದ್ಯಾರ್ಥಿ ಡೇವಿಡ್ ಹೋಮ್‌ಗ್ರೆನ್ ಇಬ್ಬರೂ ಕೂಡಿ ಒಂದು ಗ್ರಂಥವನ್ನು ಪ್ರಕಟಿಸಿ, ‘ಪರ್ಮಾಕಲ್ಚರ್’ ಎಂಬ ಹೊಸ ಪದವನ್ನು ಲೋಕಕ್ಕೆ ಕೊಟ್ಟರು. ‘ಶಾಶ್ವತ ಕೃಷಿ’ ಎಂದು ಅದನ್ನು ಕನ್ನಡಿಸಬಹುದು. ಬಿದ್ದ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸುವುದು, ಒಂದು ಜೀವದ ಕಸವನ್ನು ಮತ್ತೊಂದು ಜೀವಕ್ಕೆ ಆಹಾರವಾಗಿಸುವುದು, ಮರಗಿಡಗಳನ್ನೂ ಧಾನ್ಯವನ್ನೂ ಒಂದೇ ನೆಲದಲ್ಲಿ ಕೂಡಿಸಿ ಬೆಳೆಯುವುದು, ಇವು ಅದರ ಮುಖ್ಯ ಸೂತ್ರಗಳು. ಅದು ಇಂದು ದೇಶದೇಶಗಳಲ್ಲಿ ಶಿಬಿರಗಳಿಗೂ ಪಠ್ಯಕ್ರಮಗಳಿಗೂ ವಿಷಯವಾಗಿದೆ. ಆದರೆ ಹೆಸರು ಹುಟ್ಟಿದಲ್ಲಿಯೇ ವಿದ್ಯೆಯೂ ಹುಟ್ಟಿತೆಂದು ತಿಳಿಯುವುದು ಸರಿಯಲ್ಲ. ಈ ಗ್ರಂಥ ಅಚ್ಚಾದ ಎರಡು ಮೂರು ವರ್ಷಗಳಲ್ಲಿ, ಇದರ ಹೆಸರನ್ನೂ ಕೇಳಿರದ ಒಬ್ಬ ಆಫ್ರಿಕದ ರೈತರು ಇದೇ ಸೂತ್ರಗಳನ್ನು ಬಂಡೆಯಂತಹ ನೆಲದ ಮೇಲೆ ಹಾರೆ ಗುದ್ದಲಿಗಳಿಂದ ಬರೆಯತೊಡಗಿದ್ದರು.

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿಗೆ ಹಬ್ಬಿದ ಸೀಮೆಗೆ ಸಹೇಲ್ ಎಂದು ಹೆಸರು. ಬುರ್ಕಿನಾ ಫಾಸೊ ದೇಶದ ಉತ್ತರಕ್ಕಿರುವ ಯಾತೆಂಗಾ ಪ್ರಾಂತವು ಈ ಸೀಮೆಗೆ ಸೇರಿದುದು. ಅಲ್ಲಿ ಬೀಳುವ ಮಳೆಯು ಕರ್ನಾಟಕದ ವಿಜಯಪುರ, ರಾಯಚೂರು ಭಾಗಗಳ ಮಳೆಗಿಂತ ಬಹಳ ಕಡಿಮೆಯೇನಲ್ಲ. ಆದರೆ ಅದು ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಕೆಲವೇ ಬಿರುಮಳೆಗಳಲ್ಲಿ ಮುಗಿದುಹೋಗುತ್ತದೆ. 1968ರಿಂದ 1973ರವರೆಗಿನ ಮಹಾಕ್ಷಾಮದಲ್ಲಿ ಗಿಡಮರಗಳು ಒಣಗಿ, ದನಕರುಗಳು ಸತ್ತು, ಜನರು ಗುಳೆ ಹೋದರು. ಹೊದಿಕೆ ಕಳೆದುಕೊಂಡ ಮಣ್ಣಿನ ಮೇಲೆ ಬಿಸಿಲು ಮಳೆಗಳ ಹೊಡೆತದಿಂದ ಹೆಂಚಿನಂತಹ ಪದರವೊಂದು ಕಟ್ಟಿತು. ಇಂಥ ನೆಲವನ್ನು ಮೋರೆ ಭಾಷೆಯಲ್ಲಿ ‘ಜಿಪೆಲೆ’ ಎನ್ನುತ್ತಾರೆ. ಅದರ ಮೇಲೆ ಮಳೆ ಬಿದ್ದರೂ ನೀರು ಇಂಗದೆ ಹರಿದುಹೋಗುತ್ತದೆ. ಅಲ್ಲಿ ಬರವೆಂದರೆ ಆಕಾಶದ ದೋಷವಷ್ಟೇ ಅಲ್ಲ, ನೆಲವೇ ನೀರನ್ನು ಒಲ್ಲೆನೆಂಬ ಸ್ಥಿತಿ.

ಯಾಕೂಬಾ ಸವಾದೊಗೊ ಆ ಪ್ರಾಂತದ ಗೂರ್ಗಾ ಎಂಬ ಹಳ್ಳಿಯವರು. ಬಾಲ್ಯದಲ್ಲಿ ಅವರನ್ನು ನೆರೆಯ ಮಾಲಿ ದೇಶದ ಕುರಾನ್ ಪಾಠಶಾಲೆಗೆ ಕಳುಹಿಸಿದ್ದರು. ಅಕ್ಷರವಿದ್ಯೆ ಅವರಿಗೆ ಒಲಿಯಲಿಲ್ಲ. ಮುಂದೆ ವಾಹಿಗುಯಾ ಪಟ್ಟಣದ ಸಂತೆಯಲ್ಲಿ ಅಂಗಡಿಯಿಟ್ಟು ಚೆನ್ನಾಗಿಯೇ ಸಂಪಾದಿಸಿದರು. ಅನ್ಯರು ಹೊಲ ಬಿಟ್ಟು ಪಟ್ಟಣಕ್ಕೆ ಹೊರಟಿದ್ದ 1980ರ ಸುಮಾರಿನಲ್ಲಿ ಇವರು ಅಂಗಡಿ ಬಿಟ್ಟು ಹೊಲಕ್ಕೆ ಮರಳಿದರು.

ಜಾಯಿ ಗುಳಿಗಳು ಅವರ ಕಲ್ಪನೆಯಲ್ಲ; ಹಿರಿಯರಿಂದ ಬಂದು, ಬಹುಮಟ್ಟಿಗೆ ಮರೆತುಹೋಗಿದ್ದ ಪದ್ಧತಿ. ಹಳೆಯ ಗುಳಿಗಳು ಚಿಕ್ಕವು. ಸವಾದೊಗೊ ಅವುಗಳನ್ನು 20-30 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿಸಿ ಇನ್ನಷ್ಟು ಆಳವಾಗಿ ತೋಡಿದರು. ಪ್ರತಿಯೊಂದಕ್ಕೂ ಕೊಟ್ಟಿಗೆ ಗೊಬ್ಬರವನ್ನೂ ತರಗೆಲೆಯನ್ನೂ ತುಂಬಿದರು. ಮಳೆ ಬಂದ ಮೇಲೆ ಹೊಲಕ್ಕಿಳಿಯುವುದು ಲೋಕದ ವಾಡಿಕೆಯಾದರೆ, ಅವರು ಕಡುಬೇಸಿಗೆಯಲ್ಲಿಯೇ ಅಗೆಯಲು ಹೊರಟರು. ಒಂದು ಹೆಕ್ಟೇರಿಗೆ ಇಂತಹ ಗುಳಿಗಳು ಹತ್ತು ಸಾವಿರಕ್ಕೂ ಮಿಗಿಲಾಗಿ ಬೇಕು. ಅದಕ್ಕೆ ಸುಮಾರು ಮುನ್ನೂರು ಗಂಟೆಗಳ ದುಡಿಮೆ ಹಿಡಿಯುತ್ತದೆಂಬುದು ಒಂದು ಲೆಕ್ಕ. ಬೇಸಿಗೆಯಲ್ಲಿ ನೆಲ ಅಗೆಯುವುದು ಸಂಪ್ರದಾಯಕ್ಕೆ ವಿರುದ್ಧವೆಂದು ಊರ ಪ್ರಮುಖರು ಆಕ್ಷೇಪಿಸಿದರು. ಹುಚ್ಚನೆಂದು ಜನ ನಕ್ಕರು.

ಈ ಗುಳಿಯ ರಹಸ್ಯವು ಗೆದ್ದಲಿನಲ್ಲಿದೆ. ಓಲೆಗರಿಯ ಕಟ್ಟುಗಳನ್ನು ಮಣ್ಣುಪಾಲು ಮಾಡಿ, ಎಷ್ಟೋ ಕವಿಗಳ ಹೆಸರನ್ನೇ ಅಳಿಸಿಹಾಕಿದ ಈ ಹುಳುವಿನ ಬಗ್ಗೆ ಕನ್ನಡ ವಿದ್ವಾಂಸರಿಗೆ ಒಳ್ಳೆಯ ಮಾತು ಹೊರಡುವುದು ಕಷ್ಟ. ಆದರೆ ಯಾತೆಂಗಾದಲ್ಲಿ ಅದೇ ಉಪಕಾರಿ. ಗೊಬ್ಬರದ ವಾಸನೆಗೆ ಬರುವ ಗೆದ್ದಲು ಗುಳಿಯ ತಳದಲ್ಲಿ ಸಣ್ಣ ಸಣ್ಣ ಸುರಂಗಗಳನ್ನು ಕೊರೆಯುತ್ತದೆ. ಗುದ್ದಲಿಗೂ ಬಗ್ಗದ ಗಟ್ಟಿಪದರ ಅದರ ಬಾಯಿಗೆ ಬಗ್ಗುತ್ತದೆ. ಮೊದಲ ಮಳೆಯ ನೀರು ಗುಳಿಯಲ್ಲಿ ತಂಗಿ, ಆ ಸುರಂಗಗಳ ಮೂಲಕ ಆಳಕ್ಕಿಳಿಯುತ್ತದೆ. ಗೆದ್ದಲು ಜೀರ್ಣಿಸಿದ ಗೊಬ್ಬರ ಬೇರಿಗೆ ಸುಲಭವಾಗಿ ದಕ್ಕುತ್ತದೆ. ನಡುವೆ ಹದಿನೈದು ಇಪ್ಪತ್ತು ದಿನ ಮಳೆ ಕೈಕೊಟ್ಟರೂ ಗುಳಿಯೊಳಗಿನ ಜೋಳ, ಸಜ್ಜೆಯ ಪೈರು ಬಾಡದೆ ನಿಲ್ಲಬಲ್ಲದು. ಏನೂ ಬೆಳೆಯದಿದ್ದ ನೆಲದಲ್ಲಿ ಮಳೆ ಕಡಿಮೆಯಾದ ವರ್ಷವೂ ಹೆಕ್ಟೇರಿಗೆ 300-400 ಕಿಲೋ, ಒಳ್ಳೆಯ ಮಳೆಯಾದರೆ 1500 ಕಿಲೋವರೆಗೂ ಧಾನ್ಯ ದೊರೆತುದನ್ನು ತಜ್ಞರು ದಾಖಲಿಸಿದ್ದಾರೆ.

ಗುಳಿಗಳ ಜೊತೆಗೆ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲುಗಳನ್ನೂ ಇಟ್ಟರು. ಸಮಪಾತಳಿಯನ್ನು ಗುರುತಿಸಲು ನೀರು ತುಂಬಿದ ಪಾರದರ್ಶಕ ಕೊಳವೆಯೊಂದೇ ಸಾಕಾಗಿತ್ತು.

ಮುಂದೆ ನಡೆದುದು ಯಾರೂ ಯೋಜಿಸಿದ್ದಲ್ಲ. ಗೊಬ್ಬರದೊಡನೆ ಬಂದಿದ್ದ ಕಾಡುಮರಗಳ ಬೀಜಗಳು ಗುಳಿಗಳಲ್ಲಿ ಮೊಳೆತವು. ಕಳೆಯೆಂದು ಕಿತ್ತೆಸೆಯಬಹುದಾಗಿದ್ದ ಆ ಸಸಿಗಳನ್ನು ಸವಾದೊಗೊ ಉಳಿಸಿಕೊಂಡರು. ಕೊಯ್ಲಿನಲ್ಲಿ ದಂಟನ್ನು ಎತ್ತರಕ್ಕೆ ಕತ್ತರಿಸಿ, ಕೂಳೆಯನ್ನೇ ಅವಕ್ಕೆ ಕಾವಲು ಮಾಡಿದರು. ತಾವೂ ಬೀಜ ತಂದು ಬಿತ್ತಿದರು. ಹೊಟ್ಟೆಕಿಚ್ಚೋ ಭಯವೋ, ಅವರು ಬೆಳೆಸಿದ್ದಕ್ಕೆ ಯಾರೋ ಬೆಂಕಿಯನ್ನೂ ಇಟ್ಟರು. ಸುಟ್ಟಲ್ಲಿಯೇ ಮತ್ತೆ ನೆಟ್ಟರು. ಇಪ್ಪತ್ತಕ್ಕೂ ಹೆಚ್ಚು ಹೆಕ್ಟೇರ್ ಬಂಜರಿನಲ್ಲಿ 60ಕ್ಕೂ ಮೇಲ್ಪಟ್ಟ ಜಾತಿಗಳ ಮರಪೊದೆಗಳಿಂದ ಕೂಡಿದ ಕಾಡು ಎದ್ದಿತು. ಅವುಗಳಲ್ಲಿ ಔಷಧಿಯ ಗಿಡಗಳೂ ಹಲವು.

ಶಿಕ್ಷಕರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೆಂದರೆ ಈ ವಿದ್ಯೆ ಹರಡಿದ ರೀತಿ. 1984ರಿಂದ ಸವಾದೊಗೊ ತಮ್ಮ ಹೊಲದಲ್ಲಿ ವರ್ಷಕ್ಕೆರಡು ಬಾರಿ ಜಾಯಿ ಸಂತೆಯನ್ನು ಕೂಡಿಸಿದರು. ಒಂದು ಕೊಯ್ಲಿನ ನಂತರ, ಇನ್ನೊಂದು ಮಳೆಗಾಲಕ್ಕೆ ಮುನ್ನ. ನೂರಕ್ಕೂ ಹೆಚ್ಚು ಹಳ್ಳಿಗಳ ರೈತರು ತಂತಮ್ಮ ತಳಿಯ ಬೀಜಗಳನ್ನು ತಂದು ಅಲ್ಲಿ ವಿನಿಮಯ ಮಾಡಿಕೊಳ್ಳುತ್ತಿದ್ದರು. 1992ರಲ್ಲಿ ಉಸೇನಿ ಜೊರೊಮೆ ಎಂಬ ಇನ್ನೊಬ್ಬ ರೈತರು ರಸ್ತೆಯ ಪಕ್ಕದ ಗರಸು ನೆಲವೊಂದರಲ್ಲಿ ಜಾಯಿಯ ‘ಶಾಲೆ’ ತೆರೆದರು. ಕಟ್ಟಡವಿಲ್ಲ, ಕರಿಹಲಗೆಯಿಲ್ಲ; ನೆಲವೇ ಹಲಗೆ, ಗುದ್ದಲಿಯೇ ಬಳಪ. ಮುಂದಿನ ಹತ್ತು ವರ್ಷಗಳಲ್ಲಿ ಅಂತಹ ಶಾಲೆಗಳು ಇಪ್ಪತ್ತರಷ್ಟಾದವು. ಇದಕ್ಕೂ ಮೊದಲೇ, 1989ರಲ್ಲಿ, ನೆರೆಯ ನೈಜರ್ ದೇಶದ ಇಲ್ಲೇಲಾ ಸೀಮೆಯಿಂದ ಹದಿಮೂರು ರೈತರು ಯಾತೆಂಗಾಕ್ಕೆ ಬಂದು ನೋಡಿಹೋಗಿದ್ದರು. ಮರುವರ್ಷ ಅಲ್ಲಿ ಬರ ಬಿತ್ತು. ಗುಳಿ ತೋಡಿದ ಹೊಲಗಳಲ್ಲಿ ಮಾತ್ರ ಹೇಳಿಕೊಳ್ಳುವಷ್ಟು ಬೆಳೆಯಿತ್ತು. ಆಮೇಲೆ ಯಾರಿಗೂ ಉಪದೇಶ ಬೇಕಾಗಲಿಲ್ಲ. ಅಲ್ಲಿಯವರೆಗೆ ಕೇಳುವವರಿಲ್ಲದಿದ್ದ ಬಂಜರನ್ನು ಜನ ಹಣ ಕೊಟ್ಟು ಕೊಳ್ಳತೊಡಗಿದರು.

ಬೆಲೆ ಬಂದ ನೆಲಕ್ಕೆ ಒಡೆಯರೂ ಹುಟ್ಟುತ್ತಾರೆ. 1984ರ ಕಾನೂನಿನಂತೆ ಬುರ್ಕಿನಾ ಫಾಸೊದ ಭೂಮಿಯೆಲ್ಲ ರಾಜ್ಯಕ್ಕೆ ಸೇರಿದುದಾಗಿತ್ತು. ಉಳುವವನಿಗೆ ಇದ್ದುದು ರೂಢಿಯ ಹಕ್ಕು ಮಾತ್ರ. ವಾಹಿಗುಯಾ ಪಟ್ಟಣ ಬೆಳೆಯುತ್ತ ಗೂರ್ಗಾದತ್ತ ಚಾಚಿದಾಗ ಸವಾದೊಗೊ ಅವರ ಕಾಡು ನಗರಯೋಜನೆಯ ಗೆರೆಯೊಳಗೆ ಸೇರಿತು. ನಿವೇಶನಗಳ ಗಡಿ ಹಾಕಲಾಯಿತು. ಅವರಿಗೂ ಮಕ್ಕಳಿಗೂ ಒಂದಿಷ್ಟು ತುಂಡುಗಳನ್ನು ತೋರಿಸಲಾಯಿತು. ಕಾಡಿನ ಭಾಗದಲ್ಲಿ ಮನೆಗಳೆದ್ದವು. ನೆಲವು ಹೆಂಚಿನಂತಿದ್ದಾಗ ಅದಕ್ಕೆ ಗೆರೆ ಎಳೆಯಲು ಯಾವ ಅಧಿಕಾರಿಯೂ ಬಂದಿರಲಿಲ್ಲ. ಶಾಶ್ವತ ಕೃಷಿಯನ್ನು ಕುರಿತ ಪುಸ್ತಕಗಳಲ್ಲಿ ನೀರು, ಗೊಬ್ಬರ, ನೆರಳುಗಳಿಗೆ ವಿಪುಲವಾದ ವಿವರಣೆಗಳುಂಟು. ಹಕ್ಕುಪತ್ರವಿಲ್ಲದ ರೈತನ ಕೆಲಸ ಎಷ್ಟುಮಟ್ಟಿಗೆ ಶಾಶ್ವತವೆಂಬುದಕ್ಕೆ ಅಷ್ಟು ಜಾಗ ದೊರೆತಿಲ್ಲ.

ಹೊರಗಿನ ಕೀರ್ತಿ ತಡವಾಗಿ ಬಂದಿತು. 2010ರಲ್ಲಿ ಅವರನ್ನು ಕುರಿತ ಚಲನಚಿತ್ರ, 2018ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಗೌರವ. ಇಷ್ಟರಲ್ಲಿ ದೇಶದ ಉತ್ತರಭಾಗ ಸಶಸ್ತ್ರ ಗುಂಪುಗಳ ಹಾವಳಿಗೆ ತುತ್ತಾಗಿ, ಹಳ್ಳಿಗಳನ್ನು ಬಿಟ್ಟ ಜನ ವಾಹಿಗುಯಾಕ್ಕೆ ಬಂದು ತುಂಬಿಕೊಂಡರು. ಊರು ಬಿಟ್ಟವರಿಗೂ ತಲೆಯ ಮೇಲೊಂದು ಸೂರು ಬೇಕು. ಸವಾದೊಗೊ 2023ರ ಡಿಸೆಂಬರ್ 3ರಂದು ತೀರಿಕೊಂಡಾಗ ಅವರ ಕಾಡಿನ ಒಂದು ಪಕ್ಕದಲ್ಲಿ ಪಟ್ಟಣವಿತ್ತು, ಇನ್ನೊಂದು ಪಕ್ಕದಲ್ಲಿ ಬೇಸಿಗೆಯಲ್ಲಿ ತೋಡಿದ ಗುಳಿಗಳ ಹೊಲಗಳಿದ್ದವು.